ಫ್ಲಿಚ್ ಬೀಮ್: ಸ್ಟೀಲ್ ಪ್ಲೇಟ್ ಸೇರಿಸಿದ್ರೂ ಆಟೋಕ್ಯಾಡಲ್ಲಿ ಐ ವ್ಯಾಲ್ಯೂ ಏರ್ತಾನೇ ಇಲ್ಲ, ಎಲ್ಲಿ ತಪ್ಪಿದೀನಿ?

ಮಲ್ನಾಡ್_ಸಿವಿಲ್:
ಎಲ್ರಿಗೂ ನಮಸ್ಕಾರ. ಸಾಗರದ ಹತ್ರ ಒಂದು ಹಳೇ ಮನೆ ರಿಪೇರಿ ಹಿಡಿದಿದೀನಿ, ಅಟ್ಟದ ತೊಲೆ ಗೆದ್ದಲು ಹಿಡಿದು ಹೋಗಿದೆ, ಹೊಸದು ಹಾಕ್ಬೇಕು, ಆದ್ರೆ ಮನೆಯವ್ರಿಗೆ ಕಬ್ಬಿಣ ಕಣ್ಣಿಗೆ ಬೀಳಬಾರದಂತೆ. ಅದಕ್ಕೆ ಫ್ಲಿಚ್ ಬೀಮ್, ಅಂದ್ರೆ 75×225 ಎಂಎಂನ ಎರಡು ಸಾಗುವಾನಿ ಪೀಸ್ ಮಧ್ಯೆ 8×200ರ ಸ್ಟೀಲ್ ಪ್ಲೇಟ್ ಇಟ್ಟು ಬೋಲ್ಟ್ ಹೊಡೆಯೋಣ ಅಂತ. ಸ್ಪ್ಯಾನ್ 4.2 ಮೀಟರ್, ಲೋಡ್ ಎಲ್ಲಾ ಸೇರಿ ಮೀಟರಿಗೆ 6 ಕಿಲೋನ್ಯೂಟನ್. ಆಟೋಕ್ಯಾಡಲ್ಲಿ ಸೆಕ್ಷನ್ (ತೊಲೆಯ ಅಡ್ಡ ಸೀಳು) ಬರೆದು ರೀಜನ್ ಮಾಡಿ ಯೂನಿಯನ್ ಹಾಕಿ ಮಾಸ್‌ಪ್ರಾಪ್ (ಆಕಾರದ ಲೆಕ್ಕ ಕೊಡೋ ಕಮಾಂಡ್) ಕೊಟ್ರೆ ಐ, ಅಂದ್ರೆ ಬಾಗೋದನ್ನ ತಡೆಯೋ ಮೊಮೆಂಟ್ ಆಫ್ ಇನರ್ಶಿಯಾ, 14.77 ಕೋಟಿ ಬರ್ತಿದೆ (ಎಂಎಂ⁴ ಲೆಕ್ಕದಲ್ಲಿ), ಬರೀ ಮರಕ್ಕೇ 14.24 ಇತ್ತು! ಡಿಫ್ಲೆಕ್ಷನ್ (ನಡುವೆ ಬಾಗೋದು) 16.5 ಎಂಎಂ, ಲಿಮಿಟ್ ಸ್ಪ್ಯಾನ್ ಬೈ 360 ಅಂದ್ರೆ 11.7 ಅಷ್ಟೇ. ಹಂಗಾದ್ರೆ 53 ಕೆಜಿ ಪ್ಲೇಟ್ ದಂಡಾನಾ?

ಲೆಕ್ಕದ_ಮೇಷ್ಟ್ರು:
ಪ್ಲೇಟ್ ದಂಡ ಅಲ್ಲ ಸರ್. ಆಟೋಕ್ಯಾಡಿಗೆ ಗೆರೆ ಗೊತ್ತು, ಸಾಮಾನು ಗೊತ್ತಿಲ್ಲ, ಅದಕ್ಕೆ ತೇಗಾನೂ ಒಂದೇ ಉಕ್ಕೂ ಒಂದೇ. ಸ್ಟೀಲಿನ ಇ (ಸಾಮಾನು ಎಷ್ಟು ಬಿಗಿ ಅನ್ನೋ ಅಳತೆ, ನ್ಯೂಟನ್/ಎಂಎಂ² ಲೆಕ್ಕದಲ್ಲಿ) 2 ಲಕ್ಷ, ಸಾಗುವಾನಿದು ಸುಮಾರು 10 ಸಾವಿರ ಹಿಡೀರಿ, ಮಾಡ್ಯುಲರ್ ರೇಶಿಯೋ, ಅಂದ್ರೆ ಎರಡರ ಅನುಪಾತ, 20. ಪ್ಲೇಟಿನ ಅಗಲ 8ರ ಬದ್ಲು 160 ಅಂತ ಬರೀರಿ, ಎತ್ತರ ಮಾತ್ರ ಮುಟ್ಬೇಡಿ, ಮೂರೂ ಪೀಸಿನ ನಡುಗೆರೆ ಒಂದೇ ಲೆವೆಲ್ಲಲ್ಲಿ ಇರ್ಲಿ. ಇನ್ನೊಂದು, ಮಾಸ್‌ಪ್ರಾಪಲ್ಲಿ ಮೇಲ್ಗಡೆ ಬರೋ ಮೊಮೆಂಟ್ ಆಫ್ ಇನರ್ಶಿಯಾ ಯುಸಿಎಸ್ ಒರಿಜಿನ್ (ಡ್ರಾಯಿಂಗಿನ ಸೊನ್ನೆ ಬಿಂದು) ಸುತ್ತ ಲೆಕ್ಕ ಹಾಕಿದ್ದು, ನಿಮಗೆ ಬೇಕಾಗಿರೋದು ಕೆಳಗಿರೋ ಸೆಂಟ್ರಾಯ್ಡ್ (ಆಕಾರದ ನಡುಬಿಂದು) ಸುತ್ತದ್ದು. ಸ್ಟ್ರೆಸ್ (ಒಳಗಿನ ಒತ್ತಡ, ನ್ಯೂಟನ್/ಎಂಎಂ²) ನೋಡುವಾಗ ಪ್ಲೇಟಿನ ಜಾಗದಲ್ಲಿ ಬರೋ ಮರದ ಸ್ಟ್ರೆಸ್ಸನ್ನ 20ರಿಂದ ಗುಣಿಸೋದು ಮರೀಬೇಡಿ.

ಮಲ್ನಾಡ್_ಸಿವಿಲ್:
ಬಂತು ಸರ್, 24.9 ಕೋಟಿ! ಡಿಫ್ಲೆಕ್ಷನ್ 9.8. ಮೊದಲ್ನೇ ಸಲ ಸ್ಕೇಲ್ ಕಮಾಂಡ್ ಕೊಟ್ಟು ಎರಡೂ ಕಡೆ 20 ಪಟ್ಟು ಎಳೆದ್ಬಿಟ್ಟಿದ್ದೆ, ನಾಲ್ಕು ಮೀಟರ್ ಎತ್ತರದ ಪ್ಲೇಟ್ ಎದ್ದು ನಿಂತ್ಕೊಂಡ್ತು 😀 ಮರದ ಅಂಚಲ್ಲಿ ಸ್ಟ್ರೆಸ್ 6, ಸ್ಟೀಲಲ್ಲಿ 106. ಅಂದ್ರೆ ಪಾಸ್ ತಾನೆ?

ಉಡುಪಿ_ಸೈಟ್:
ಸೆಕ್ಷನ್ ಪಾಸ್ ಆಯ್ತು ಮಾರಾಯ್ರೆ, ತುದಿ ನೋಡಿದ್ರಾ? ಮರ 225, ಪ್ಲೇಟ್ 200, ಅಂದ್ರೆ ಗೋಡೆ ಮೇಲೆ ಕೂರುದು ಮರ ಮಾತ್ರ, ಪ್ಲೇಟ್ ನೇತಾಡ್ತಾ ಉಂಟು. ನಿಮ್ಮ ಲೆಕ್ಕದಲ್ಲಿ ಪ್ಲೇಟ್ 43 ಪರ್ಸೆಂಟ್ ಹೊರ್ತದೆ, ತುದಿಯ ರಿಯಾಕ್ಷನ್ (ಒಂದು ತುದಿಯಲ್ಲಿ ಗೋಡೆ ಹೊರುವ ಭಾರ) 12.6, ಅದ್ರಲ್ಲಿ 5.4 ಕಿಲೋನ್ಯೂಟನ್ ಬೋಲ್ಟ್ ಮೂಲಕವೇ ಮರಕ್ಕೆ ದಾಟ್ಬೇಕು. ನಡುವೆ ಮೇಲೊಂದು ಕೆಳಗೊಂದು ಅಂತ ದೂರ ದೂರ ಹಾಕಿದ್ರೆ ನಡೀತದೆ, ತುದಿಯಲ್ಲಿ ನಾನಾದ್ರೆ ಕನಿಷ್ಠ ಎರಡು ಎಂ12 (12 ಎಂಎಂ) ಬೋಲ್ಟ್ ಹಾಕಿ ಚೆಕ್ ಮಾಡ್ತೇನೆ. ಹಾಗಂತ ಪ್ಲೇಟನ್ನು ಮರದ ಎತ್ತರಕ್ಕೆ ಸಮ ಮಾಡ್ಲಿಕ್ಕೆ ಹೋಗ್ಬೇಡಿ. ನಾನು ಒಮ್ಮೆ ಮಾಡಿದ್ದೆ, ಮರ ಒಣಗಿ ಕುಗ್ಗಿತು, ಕಬ್ಬಿಣ ಕುಗ್ಗುದುಂಟಾ? ಪ್ಲೇಟಿನ ಅಂಚು ಮೇಲೆ ಬಂದು ಹಲಗೆ ಎಲ್ಲ ಅಲ್ಲಾಡ್ಲಿಕ್ಕೆ ಶುರು, ಮನೆ ಯಜಮಾನ್ರ ಬಾಯಿಂದ ಕೇಳಿದ್ದು ಇಲ್ಲಿ ಬರೀಲಿಕ್ಕಾಗುದಿಲ್ಲ. ಮತ್ತೆ ತೂತು ಬೇರೆ ಬೇರೆ ಕೊರೀಬೇಡಿ, ಪ್ಲೇಟಲ್ಲಿ ಮೊದ್ಲು ಕೊರ್ದು ಅದನ್ನೇ ಅಚ್ಚು ಮಾಡಿ ಮರಕ್ಕೆ ಕ್ಲ್ಯಾಂಪ್ ಹಾಕಿ ಕೊರೀರಿ.

ಲೆಕ್ಕದ_ಮೇಷ್ಟ್ರು:
ತುದಿ ವಿಷ್ಯ ನಾನೇ ಬಿಟ್ಟಿದ್ದೆ, ಸರಿಯಾಗಿ ಹಿಡಿದ್ರಿ. ಇನ್ನೊಂದು ಇದೆ, ಕ್ರೀಪ್. ವರ್ಷಗಟ್ಲೆ ಭಾರ ಕೂತ್ರೆ ಮರ ಸೋಲತ್ತೆ, ಸ್ಟೀಲ್ ಸೋಲಲ್ಲ. ಮರದ ಇ ಅರ್ಧಕ್ಕೆ ಇಳೀತು ಅಂತ ಹಿಡಿದು ರೇಶಿಯೋ 40 ಹಾಕಿ ನೋಡಿದೆ, ಸ್ಟೀಲಿನ ಪಾಲು 43ರಿಂದ 60 ಪರ್ಸೆಂಟಿಗೆ ಹೋಗತ್ತೆ, ಅದರ ಸ್ಟ್ರೆಸ್ 149, ಪರ್ಮಿಸಿಬಲ್ (ಬಿಡಬಹುದಾದ ಮಿತಿ) 165ರ ಒಳಗಿದೆ. ಆದ್ರೆ ಡಿಫ್ಲೆಕ್ಷನ್ 13.7, 11.7ರ ಲಿಮಿಟ್ ದಾಟತ್ತೆ. ಎಲ್ಲಾ ಲೋಡೂ ಪರ್ಮನೆಂಟ್ ಅಲ್ವಲ್ಲ, ಅಷ್ಟು ಬರಲ್ಲ. ಅಟ್ಟದಲ್ಲಿ ಏನಿಡ್ತಾರೆ ಅವ್ರು?

ಮಲ್ನಾಡ್_ಸಿವಿಲ್:
ಒಣಗಿದ ಅಡಿಕೆ ಮೂಟೆ ಸರ್ 😐 ತಿಂಗಳುಗಟ್ಲೆ ಅಲ್ಲೇ ಇರತ್ತೆ. 10 ಎಂಎಂ ಪ್ಲೇಟ್ ಹಾಕಿ ಮತ್ತೆ ಓಡಿಸ್ತೀನಿ, ತುದಿ ಬೋಲ್ಟಿನ ಡ್ರಾಯಿಂಗೂ ಹಾಕ್ತೀನಿ, ನೋಡಿ ಹೇಳಿ.