ಯುಟ್ರಿಕ್ಯುಲೇರಿಯ ಗುರುತಿಸಿ, ಬೆಳೆಸಿದವರು ಇದ್ದೀರಾ?

ಪ್ರಶ್ನೆ

ಒದ್ದೆ ಹುಲ್ಲಿನ ನಡುವೆ ಉಗುರಿಗಿಂತ ಚಿಕ್ಕ ನೇರಳೆ ಹೂಗಳು. ಪಕ್ಕದಲ್ಲೇ ನಿಂತ ನೀರಿನಲ್ಲಿ ಹಳದಿ ಹೂಗಳು. ಎರಡೂ ಯುಟ್ರಿಕ್ಯುಲೇರಿಯ, ಹುಳ ತಿನ್ನುವ ಗಿಡ ಎಂದು ಪರಿಚಯದವರೊಬ್ಬರು ಹೇಳಿದರು. ನೆಲದಲ್ಲಿರುವುದಕ್ಕೆ ಎಲೆಯೇ ಕಾಣುತ್ತಿಲ್ಲ. ಜಾತಿ ಗುರುತಿಸುವುದು ಹೇಗೆ? ಕುಂಡದಲ್ಲಿ ಬೆಳೆಸಬಹುದಾ?

ಉತ್ತರ 1

ಮೊದಲು ಹೂವನ್ನು ಬದಿಯಿಂದ ನೋಡಿ. ಮೇಲೊಂದು ತುಟಿ, ಕೆಳಗೊಂದು ತುಟಿ, ಹಿಂದೆ ಕೊಂಬಿನಂತೆ ಚಾಚಿದ ಭಾಗ, ಒಳಗೆ ಎರಡೇ ಕೇಸರ ಇದ್ದರೆ ನಿಮ್ಮ ಪರಿಚಯದವರ ಮಾತು ಬಹುತೇಕ ಸರಿ. ಖಚಿತವಾಗಬೇಕಾದರೆ ಕೆಸರಿಗೆ ಇಳಿಯಬೇಕು. ಈ ಗಿಡದ ಮುಕ್ಕಾಲು ಬದುಕು ಅಲ್ಲೇ ಇರುವುದು.

ಇದಕ್ಕೆ ನಿಜವಾದ ಬೇರು ಇಲ್ಲವೇ ಇಲ್ಲ. ನೂಲಿನಷ್ಟು ತೆಳುವಾದ ಬಳ್ಳಿಗಳು ಮಣ್ಣೊಳಗೆ ಹರಿದಿರುತ್ತವೆ. ಅವುಗಳ ಮೇಲೆ ಬೇಟೆ ಹಿಡಿಯುವ, ಸಾಸಿವೆಗಿಂತ ಚಿಕ್ಕ ಗುಳ್ಳೆಗಳು. ಎಲೆಯೂ ಇರುತ್ತದೆ, ಆದರೆ ಕೆಲವು ಮಿಲಿಮೀಟರ್ ಉದ್ದ. ಹೂ ಬರುವ ಹೊತ್ತಿಗೆ ಎಷ್ಟೋ ಜಾತಿಗಳಲ್ಲಿ ಅದೂ ಬಾಡಿರುತ್ತದೆ. ನಿಮಗೆ ಕಾಣದಿರುವುದು ಸಹಜ. ಬೆರಳ ಗಾತ್ರದ ಮಣ್ಣಿನ ತುಣುಕನ್ನು ಬಿಳಿ ತಟ್ಟೆಯ ನೀರಿನಲ್ಲಿ ಬಿಟ್ಟು, ಮೆತ್ತಗೆ ಅಲ್ಲಾಡಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್‌ನಲ್ಲಿ ನೋಡಿ. ಗುಳ್ಳೆ ಸಿಕ್ಕರೆ ಮತ್ತೆ ಅನುಮಾನ ಬೇಡ. ಸುಮ್ನೆ ಹೂದಂಟು ಹಿಡಿದು ಎಳೆದರೆ ಬಳ್ಳಿ ತುಂಡಾಗಿ ಬರೀ ಹೂ ಕೈಗೆ ಬರುತ್ತದೆ.

ಜಾತಿಯ ವಿಷಯಕ್ಕೆ ಬಂದರೆ, ಬಣ್ಣವನ್ನು ಜಾಸ್ತಿ ನಂಬಬೇಡಿ. ಯುಟ್ರಿಕ್ಯುಲೇರಿಯ ಸೆರೂಲಿಯ ಬಿಳಿಯಿಂದ ನೇರಳೆಯವರೆಗೂ ಹೂ ಬಿಡುತ್ತದೆ. ಸಸ್ಯಶಾಸ್ತ್ರಜ್ಞ ಪೀಟರ್ ಟೇಲರ್ 1989ರಲ್ಲಿ ಈ ಕುಲದ ಬಗ್ಗೆ ಬರೆದಾಗ 214 ಜಾತಿಗಳನ್ನು ಒಪ್ಪಿದ್ದರು, ಈಗ ಸಂಖ್ಯೆ ಅದಕ್ಕಿಂತ ಹೆಚ್ಚು. ನಾನು ನೋಡುವುದು ಹೂದಂಟಿನ ಮೇಲಿನ ಪುಟ್ಟ ಹುರುಪೆಯಂಥ ಎಲೆಗಳನ್ನು. ಕೆಲವು ಜಾತಿಗಳಲ್ಲಿ ಅವು ಬುಡದಿಂದ ಅಂಟಿರುತ್ತವೆ, ಕೆಲವಲ್ಲಿ ನಡುವಿನಿಂದ ಅಂಟಿ ಎರಡೂ ತುದಿ ಬಿಟ್ಟುಕೊಂಡಿರುತ್ತವೆ. ಸೆರೂಲಿಯದ್ದು ಎರಡನೇ ಬಗೆ. ದಂಟು ಹುಲ್ಲಿಗೆ ಸುತ್ತಿಕೊಂಡಿದೆಯಾ ನೋಡಿ, ರೆಟಿಕ್ಯುಲೇಟ ಎಂಬ ಜಾತಿ ಹಾಗೆ ಸುತ್ತುತ್ತದೆ. ಕಾಯಿಯ ತೊಟ್ಟು ಕೆಳಕ್ಕೆ ಬಾಗಿದೆಯಾ, ನೆಟ್ಟಗಿದೆಯಾ? ಹೂವಿನ ಫೋಟೋ ಎಲ್ಲರೂ ತೆಗೆಯುತ್ತಾರೆ, ಕಾಯಿಯದ್ದು ಯಾರೂ ತೆಗೆಯುವುದಿಲ್ಲ. ಹೆಸರು ಹೇಳುವವರಿಗೆ ಬೇಕಾಗುವುದು ಅದೇ!

ನೀರಿನಲ್ಲಿರುವ ಹಳದಿಯದ್ದು ಸ್ವಲ್ಪ ಸುಲಭ. ಹೂದಂಟಿನ ಸುತ್ತ ಉಬ್ಬಿದ ತೇಲುಗಳ ಚಕ್ರ ಇದ್ದರೆ ಸ್ಟೆಲ್ಲಾರಿಸ್ ಎಂಬ ಜಾತಿ ಇರಬಹುದು. ಆರಿಯ ಎಂಬ ಇನ್ನೊಂದು ಜಾತಿಯಲ್ಲಿ ಸಾಮಾನ್ಯವಾಗಿ ತೇಲು ಇರುವುದಿಲ್ಲ.

ಉತ್ತರ 2

ಗುಳ್ಳೆ ಕೆಲಸ ಮಾಡುವ ಬಗೆ ಗೊತ್ತಿದ್ದರೆ ನೋಡಲು ಇನ್ನೂ ಮಜಾ. ಗುಳ್ಳೆ ಒಳಗಿನ ನೀರನ್ನು ಹೊರಹಾಕುತ್ತಾ ಇರುತ್ತದೆ. ಆಗ ಗೋಡೆಗಳು ಒಳಕ್ಕೆ ಕುಗ್ಗುತ್ತವೆ. ಬಾಗಿಲ ಬಳಿಯ ಕೂದಲಿಗೆ ಡಾಫ್ನಿಯದಂಥ (ನೀರಿನ ಚಿಗಟ) ಸಣ್ಣ ಜೀವಿ ತಗುಲಿದರೆ ಬಾಗಿಲು ಒಳಕ್ಕೆ ತೆರೆದು, ನೀರಿನ ಸಮೇತ ಅದನ್ನು ಎಳೆದುಕೊಂಡು ಮುಚ್ಚುತ್ತದೆ. ಎಳೆದುಕೊಳ್ಳುವುದಂತೂ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ! ಕಣ್ಣಿಗೆ ಸಿಗುವುದು ಹೇಗೆ? 1875ರಲ್ಲಿ ಡಾರ್ವಿನ್ ಕೂಡ ಜೀವಿಗಳೇ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತವೆ ಎಂದುಕೊಂಡಿದ್ದರು.

ನೀರಿನ ಗಿಡವನ್ನು ಮೇಲೆತ್ತಿ ಕಿವಿಯ ಹತ್ತಿರ ಹಿಡಿಯಿರಿ. ಗುಳ್ಳೆಗಳು ಗಾಳಿ ಎಳೆದುಕೊಂಡು ಚಿಟಪಟ ಎನ್ನುತ್ತವೆ. ಹಾಗೆ ಗಾಳಿ ತುಂಬಿದವು ಆಮೇಲೆ ನೀರಿನಲ್ಲಿ ಕಪ್ಪು ಚುಕ್ಕಿಯಂತೆ ಕಾಣಬಹುದು, ಅದನ್ನು ಬೇಟೆ ಎಂದುಕೊಳ್ಳಬೇಡಿ.

ಉತ್ತರ 3

ಬೆಳೆಸುವ ಬಗ್ಗೆ ನಾನು ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯ ನೀರು. ಮಳೆ ನೀರು ಅಥವಾ ಆರ್‌ಓ ನೀರು ಮಾತ್ರ. ಗಡಸು ನೀರು ಬೇಡ. ಗೊಬ್ಬರ ಬೇಡವೇ ಬೇಡ. ಸಾರಜನಕ, ರಂಜಕ ಸಿಗದ ಜಾಗದಲ್ಲಿ ಬದುಕಲೆಂದೇ ಇದು ಬೇಟೆಗೆ ಇಳಿದಿರುವುದು. ಗೊಬ್ಬರ ಬಿದ್ದರೆ ಪಾಚಿ ಮೊದಲು ಎದ್ದು ಗಿಡವನ್ನು ಮುಚ್ಚಿಬಿಡುತ್ತದೆ.

ನೆಲದ ಜಾತಿಗಳಿಗೆ ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯಗಳ ಮಣ್ಣು) ಮತ್ತು ತೊಳೆದ ಮರಳು ಬೆರೆಸಿ, ಕುಂಡವನ್ನು ನೀರಿನ ತಟ್ಟೆಯಲ್ಲಿಡಿ. ಚೆನ್ನಾಗಿ ಬೆಳಕಿರಲಿ. ಹುಳ ಹಿಡಿದು ಹಾಕುವ ಕೆಲಸ ಇಲ್ಲ, ಒದ್ದೆ ಮಣ್ಣಿನಲ್ಲಿರುವ ಸೂಕ್ಷ್ಮ ಜೀವಿಗಳೇ ಸಾಕು. ಹೊಸಬರಿಗೆ ಸ್ಯಾಂಡರ್ಸೋನಿ ಅಥವಾ ಲಿವಿಡ ಎಂಬ ಜಾತಿ ಒಳ್ಳೆಯದು. ಬೆಳೆಸುವವರ ಹತ್ತಿರ ಸುಲಭವಾಗಿ ಸಿಗುತ್ತವೆ. ನೀವು ಕಂಡ ಗಿಡಗಳನ್ನು ಕಿತ್ತು ತರಬೇಡಿ. ಆ ಮಣ್ಣು, ಆ ನೀರು ಕುಂಡದಲ್ಲಿ ಬರುವುದಿಲ್ಲ ಅಲ್ವಾ?

ಗಿಬ್ಬ ಎಂಬ ನೀರಿನ ಜಾತಿ ಎಲ್ಲಿ ಹಾಕಿದರೂ ಬದುಕುತ್ತದೆ, ತೊಂದರೆಯೂ ಅದೇ. ಒಂದು ತುಂಡು ಸಾಕು, ಪಕ್ಕದ ಕುಂಡಗಳಿಗೂ ಹಬ್ಬುತ್ತದೆ. ಹೆಚ್ಚಾದದ್ದನ್ನು ಕೆರೆಗೆ, ಚರಂಡಿಗೆ ಬಿಡದೆ ಒಣಗಿಸಿ ಎಸೆಯಿರಿ. ಅಮೆರಿಕದ ಆಗ್ನೇಯ ಭಾಗದ ಇನ್‌ಫ್ಲೇಟ ಎಂಬ ಜಾತಿ ಅದೇ ದೇಶದ ವಾಷಿಂಗ್ಟನ್ ರಾಜ್ಯದ ಕೆರೆಗಳಿಗೆ ಸೇರಿ ಅಲ್ಲಿ ಕಳೆಯಾಗಿದೆ.

ಪ್ರಶ್ನೆ ಕೇಳಿದವರು

ತುಂಬ ಉಪಯೋಗವಾಯಿತು. ಇವತ್ತು ತಟ್ಟೆಯಲ್ಲಿ ನೋಡಿದೆ, ನೇರಳೆಯದ್ದಕ್ಕೆ ಗುಳ್ಳೆ ಇದೆ. ಒಂದು ಸಂಶಯ: ಹೂ ಮುಗಿದ ಮೇಲೆ ಕುಂಡದ ಗಿಡ ಪೂರ್ತಿ ಒಣಗಿದರೆ ಸತ್ತಿದೆ ಎಂದೇ ಅರ್ಥವಾ?

ಉತ್ತರ 3

ಜಾತಿಯ ಮೇಲೆ ಹೋಗುತ್ತದೆ. ಸ್ಯಾಂಡರ್ಸೋನಿ ವರ್ಷವಿಡೀ ಇರುತ್ತದೆ, ಅದು ಒಣಗಿದರೆ ನೀರು ಕಡಿಮೆಯಾಗಿದೆ ಎಂದೇ ಲೆಕ್ಕ. ಒಂದೇ ಋತುವಿನ ಜಾತಿಗಳಾದರೆ ಗಿಡ ಹೋಗಿರುತ್ತದೆ, ಬೀಜ ಮಣ್ಣಿನಲ್ಲಿರುತ್ತದೆ. ಧೂಳಿನಂಥ ಬೀಜ, ಹುಡುಕಲು ಹೋಗಬೇಡಿ. ಮಣ್ಣು ಕೆದಕದೆ ಕುಂಡವನ್ನು ಹಾಗೇ ಇಟ್ಟು, ಮುಂದಿನ ಮಳೆಗಾಲಕ್ಕೆ ಮತ್ತೆ ನೀರಿನ ತಟ್ಟೆಯಲ್ಲಿಡಿ.