ಅಪ್‌ಡೇಟ್: ಮೈಸೂರು–ಬೆಳಗಾವಿ ವಿಮಾನ ದೂರ ಮತ್ತು ಪ್ರಯಾಣದ ಅವಧಿ

ಮೈಸೂರಿನ ಮಂಡಕಳ್ಳಿಯಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಬೇಕು ಎಂದು ಹಿಂದೆ ಕೇಳಿದ್ದೆ. ರಾತ್ರಿಯಿಡೀ ರೈಲಿನಲ್ಲಿ ಕೂರಲಾಗದ ನನ್ನ ತಾಯಿಯವರನ್ನು ಕರೆದೊಯ್ಯಬೇಕಾಗಿತ್ತು. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಎರಡೂ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಹಿಡಿದು ನಾನೇ ಲೆಕ್ಕ ಹಾಕಿದಾಗ ನೇರ ದೂರ ಸುಮಾರು 460 ಕಿಲೋಮೀಟರ್ ಬಂದಿತು. ಮಂಡಕಳ್ಳಿಯ ರನ್‌ವೇ ಸುಮಾರು 1,740 ಮೀಟರ್ ಮಾತ್ರ ಇರುವುದರಿಂದ ಅಲ್ಲಿಗೆ ಸಾಮಾನ್ಯವಾಗಿ ಎಟಿಆರ್ 72ರಂತಹ ಪ್ರೊಪೆಲ್ಲರ್ ವಿಮಾನಗಳೇ ಬರುತ್ತವೆ. ಅವುಗಳ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಹಾಗೆಂದು 55 ನಿಮಿಷ ಎಂದುಕೊಂಡರೆ ತಪ್ಪಾಗುತ್ತದೆ, ಏಕೆಂದರೆ ರನ್‌ವೇವರೆಗಿನ ಓಡಾಟ, ಮೇಲೇರುವಾಗಿನ ಕಡಿಮೆ ವೇಗ, ಇಳಿಯುವ ಮುನ್ನ ಹಾಕುವ ಸುತ್ತು ಇವೆಲ್ಲವೂ ಸೇರಿ ನೇರ ವಿಮಾನಕ್ಕೂ ಒಂದೂಕಾಲು ಗಂಟೆ ಬೇಕಾದೀತು.

ನಾವು ಹೋದದ್ದು ಹೈದರಾಬಾದ್ ಮೂಲಕ. ಮೈಸೂರಿನಿಂದ ಅಲ್ಲಿಗೆ ಸುಮಾರು 585, ಅಲ್ಲಿಂದ ಬೆಳಗಾವಿಗೆ ಸುಮಾರು 435, ಒಟ್ಟು 1,020 ಕಿಲೋಮೀಟರ್. ಅಂದರೆ ನೇರ ದೂರದ ಎರಡು ಪಟ್ಟಿಗಿಂತಲೂ ಹೆಚ್ಚು. ನಡುವೆ ಮೂರು ಗಂಟೆ ಕಾಯಬೇಕಾದ್ದರಿಂದ, ಮಂಡಕಳ್ಳಿ ಬಿಟ್ಟು ಸಾಂಬ್ರಾದಲ್ಲಿ ಇಳಿಯುವ ಹೊತ್ತಿಗೆ ಆರು ಗಂಟೆ ದಾಟಿತ್ತು. ಆದರೂ ವೀಲ್‌ಚೇರ್ ಮೊದಲೇ ಕಾಯ್ದಿರಿಸಿದ್ದರಿಂದ ತಾಯಿಯವರಿಗೆ ಆಯಾಸವಾಗಲಿಲ್ಲ. ವಯಸ್ಸಾದವರೊಂದಿಗೆ ಹೊರಡುವವರು ಕಿಲೋಮೀಟರ್‌ಗಿಂತ ಮೊದಲು ಈ ಕಾಯುವ ಅವಧಿಯನ್ನೇ ವಿಚಾರಿಸಿಕೊಳ್ಳಬೇಕೆಂದು ನನ್ನ ವಿನಂತಿ.