65 ದಾಟಿದವರ ಮನೆ ತೆರಿಗೆ ರಿಯಾಯಿತಿ: ಊರಿಗೆ ಹೋದರೆ ತಪ್ಪುತ್ತಾ? (ಟೆಕ್ಸಾಸ್)

ಮೈಸೂರು_ಪ್ಲೇನೊ: ಎಲ್ಲರಿಗೂ ನಮಸ್ಕಾರ. ಪ್ಲೇನೊದಲ್ಲಿ ಸ್ವಂತ ಮನೆ ಇದೆ, ಈ ವರ್ಷ ನನಗೆ 65 ತುಂಬುತ್ತೆ. ಮೈಸೂರಲ್ಲಿ ಅಮ್ಮನಿಗೆ ಓಡಾಡೋಕೆ ಆಗುತ್ತಿಲ್ಲ, ನಾನೂ ನಮ್ಮ ಯಜಮಾನರೂ ಒಂದು ವರ್ಷ ಅಲ್ಲೇ ಇರೋಣ ಅಂತಿದ್ದೇವೆ. ಹಿರಿಯರ ಎಕ್ಸೆಂಪ್ಷನ್‌ಗೆ (ಮನೆ ತೆರಿಗೆ ರಿಯಾಯಿತಿ) ವರ್ಷಕ್ಕೆ ಇಷ್ಟು ದಿನ ಇಲ್ಲಿರಬೇಕು ಅಂತ ಲೆಕ್ಕ ಇದೆಯಾ? ಒಂದು ರೂಮು ಬಾಡಿಗೆಗೆ ಕೊಟ್ಟರೆ ತೊಂದರೆನಾ?

ಕಾಲಿನ್_ಕೌಂಟಿ_ರಾವ್: ಮೇಡಂ, ಧೈರ್ಯವಾಗಿ ಹೋಗಿ ಬನ್ನಿ. ದಿನದ ಲೆಕ್ಕ ಇಲ್ಲ. ಮನೆ ನಿಮ್ಮ ಹೆಸರಲ್ಲಿರಬೇಕು, ಅದೇ ನಿಮ್ಮ ಮುಖ್ಯ ವಾಸದ ಮನೆ ಆಗಿರಬೇಕು, ಅಷ್ಟೇ. ವಾಪಸ್ ಬರುವ ಉದ್ದೇಶ ಇಟ್ಟುಕೊಂಡು, ಬೇರೆಲ್ಲೂ ಮುಖ್ಯ ಮನೆ ಮಾಡಿಕೊಳ್ಳದೆ, ಎರಡು ವರ್ಷಕ್ಕಿಂತ ಕಡಿಮೆ ಹೊರಗಿದ್ದರೆ ರಿಯಾಯಿತಿ ಹೋಗಲ್ಲ. ರೂಮು ಬಾಡಿಗೆಗೆ ಕೊಟ್ಟರೆ ಆ ಭಾಗಕ್ಕೆ ಮಾತ್ರ ರಿಯಾಯಿತಿ ಸಿಗಲ್ಲ. ಆದರೆ ಹೊರಡುವ ಮುಂಚೆ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ (ತೆರಿಗೆಗಾಗಿ ಮನೆ ಬೆಲೆ ಕಟ್ಟುವ ಕಚೇರಿ) ಅರ್ಜಿ ಹಾಕಿಬಿಡಿ. ಡ್ರೈವಿಂಗ್ ಲೈಸೆನ್ಸ್ ಮೇಲೆ ಈ ಮನೆಯ ವಿಳಾಸವೇ ಇರಬೇಕು, ಹಳೇ ಅಪಾರ್ಟ್‌ಮೆಂಟ್ ವಿಳಾಸ ಇದ್ದರೆ ಮೊದಲು ಅದನ್ನು ಬದಲಾಯಿಸಿ. 2025ರಿಂದ ಶಾಲಾ ತೆರಿಗೆಗೆ (ಮನೆ ತೆರಿಗೆಯಲ್ಲಿ ಶಾಲೆಗಳಿಗೆ ಹೋಗುವ ಭಾಗ) ಮನೆ ಬೆಲೆಯಲ್ಲಿ ಎಲ್ಲರಿಗೂ 1,40,000 ಡಾಲರ್, ಹಿರಿಯರಿಗೆ ಅದರ ಮೇಲೆ ಇನ್ನೂ 60,000 ಕಳೆಯುತ್ತಾರೆ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಲಾಭ ಸೀಲಿಂಗ್, ಅಂದರೆ ಹಿರಿಯರ ಶಾಲಾ ತೆರಿಗೆಗೆ ಹಾಕುವ ಗರಿಷ್ಠ ಮಿತಿ. ಆಮೇಲೆ ಮನೆ ಬೆಲೆ ಎಷ್ಟೇ ಏರಲಿ, ಶಾಲಾ ತೆರಿಗೆ ಆ ಮಿತಿ ದಾಟಲ್ಲ. ಹೊಸ ರೂಮು ಗೀಮು ಕಟ್ಟಿಸಿದರೆ ಮಾತ್ರ ಜಾಸ್ತಿ ಆಗುತ್ತೆ.

ಅಂಚೆ_ಪೆಟ್ಟಿಗೆ: ರಾವ್ ಅವರು ಹೇಳಿದ್ದು ಸರಿ. ಆದರೆ ನನಗೆ ಚಿಂತೆ ಇರೋದು ಟಪಾಲಿನದು. ಈಗ ಐದು ವರ್ಷಕ್ಕೊಮ್ಮೆಯಾದರೂ ಎಲ್ಲರ ಎಕ್ಸೆಂಪ್ಷನ್ ಪರಿಶೀಲನೆ ಮಾಡಲೇಬೇಕು ಅಂತ ಕಾನೂನಿದೆ. 65 ದಾಟಿದವರಿಗೆ ಸುಮ್ನೆ ರದ್ದು ಮಾಡೋಕೆ ಬರಲ್ಲ, ಮೊದಲು ನೋಟಿಸು ಕಳಿಸಬೇಕು, ಉತ್ತರಕ್ಕೆ 60 ದಿನ ಕೊಡಬೇಕು. ಆ ಲಕೋಟೆ ಬೀಗ ಹಾಕಿದ ಮನೆ ಮುಂದಿನ ಡಬ್ಬಿಯಲ್ಲಿ ಜಾಹೀರಾತು ಕಾಗದದ ಜೊತೆ ಬಿದ್ದಿದ್ದರೆ ಯಾರು ನೋಡಬೇಕು ಹೇಳಿ? ನಂಬಿಕಸ್ತ ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು, ವಾರಕ್ಕೊಮ್ಮೆ ಫೋಟೊ ತೆಗೆದು ವಾಟ್ಸಾಪ್ ಮಾಡೋಕೆ ಹೇಳಿ.

ಫ್ರಿಸ್ಕೊ_ಹುಡುಗ: ನಡುವೆ ಒಂದು ಪ್ರಶ್ನೆ. ಮನೆ ನನ್ನ ಹೆಸರಲ್ಲಿದೆ, 70 ದಾಟಿದ ಅಪ್ಪ ಅಮ್ಮ ನಮ್ಮ ಜೊತೆಗೇ ಇದ್ದಾರೆ. ಅವರ ವಯಸ್ಸಿನ ಮೇಲೆ ಸಿಗುತ್ತಾ?

ಕಾಲಿನ್_ಕೌಂಟಿ_ರಾವ್: ಇಲ್ಲಪ್ಪ. ಜೊತೆಗಿದ್ದರೆ ಸಾಲದು, ಮನೆ ಪತ್ರದಲ್ಲಿ ಅವರ ಹೆಸರೂ ಇರಬೇಕು. ಬರೀ ತೆರಿಗೆ ಉಳಿಸೋಕೆ ಅಂತ ಹೆಸರು ಸೇರಿಸಬೇಡ, ಮೊದಲು ವಕೀಲರನ್ನು ಕೇಳು. ಮೇಡಂ, ನಿಮಗೆ ಇನ್ನೊಂದು ಮಾತು: ಪತ್ರದಲ್ಲಿ ಯಜಮಾನರ ಹೆಸರೂ ಇದೆಯಾ ನೋಡಿಕೊಳ್ಳಿ.

ಮೈಸೂರು_ಪ್ಲೇನೊ: ಇದೆ, ಇಬ್ಬರದೂ ಇದೆ. ಲೈಸೆನ್ಸ್ ವಿಳಾಸ ಮಾತ್ರ ಹಳೇದು, ಸೋಮವಾರವೇ ಹೋಗುತ್ತೇನೆ. ತುಂಬಾ ಥ್ಯಾಂಕ್ಸ್.